ಮಷಿನ್ ಬಂತು, ಮೆದು ನೀರು ಬರಲಿಲ್ಲ: ಮಹದೇವಪುರದ ಬಟ್ಟೆ ಒಗೆತದ ಚರಿತ್ರೆ

ಮಹದೇವಪುರದ ಕಡೆ ವಾಷಿಂಗ್ ಮಷಿನ್ ಕೆಟ್ಟರೆ ರಿಪೇರಿಗೆ ಬರುವವರು ಸ್ಕ್ರೂಡ್ರೈವರ್ ತೆಗೆಯುವ ಮೊದಲೇ ಒಂದು ವಿಚಾರ ಕೇಳುತ್ತಾರೆ. ಮನೆಗೆ ಬರುವ ನೀರು ಯಾವುದು? ಬೋರ್‌ವೆಲ್ಲಾ, ಟ್ಯಾಂಕರಾ, ಕಾವೇರಿಯಾ? ಉತ್ತರ ಸಿಕ್ಕಿದ ಮೇಲೆ ಅರ್ಧ ಕಾಯಿಲೆ ಅವರಿಗೆ ಗೊತ್ತಾಗಿಬಿಡುತ್ತದೆ.

ದೂರುಗಳು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಬಿಳಿ ಅಂಗಿ ಮೂರು ತಿಂಗಳಲ್ಲಿ ಮಾಸಲು ಬಣ್ಣಕ್ಕೆ ತಿರುಗಿತು. ಟವೆಲ್ ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗುತ್ತದೆ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಪುಡಿ ಕೂರುತ್ತದೆ. ನೀರು ತುಂಬಲು ಅರ್ಧ ಗಂಟೆ ತೆಗೆದುಕೊಂಡು ಕೊನೆಗೆ ಮಷಿನ್ ಬೀಪ್ ಬೀಪ್ ಎಂದು ಕೂಗಿ ನಿಂತುಬಿಡುತ್ತದೆ. ಬಿಸಿನೀರಿನ ಗುಂಡಿ ಒತ್ತಿದರೂ ನೀರು ತಣ್ಣಗೇ ಇರುತ್ತದೆ. ಕಂತಿನಲ್ಲಿ ಕೊಂಡ ಮಷಿನ್, ಕಂತು ಮುಗಿಯುವ ಮೊದಲೇ ಬಟ್ಟೆ ಜೋಡಿಸುವ ಮೇಜಾಗಿರುವ ಮನೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಆಮೇಲೆ ಬಕೆಟ್ಟು, ಬ್ರಷ್ಷು, ಬಾತ್‌ರೂಮಿನ ನೆಲ, ಹೆಂಗಸರ ಸೊಂಟ ನೋವು ಎಲ್ಲ ಮತ್ತೆ ಮೊದಲಿನಂತೆ.

ಜನ ಬೈಯುವುದು ಕಂಪನಿಯನ್ನು. ಕಂಪನಿಯವರು ಬೈಯುವುದು ಜನ ಬಳಸುವ ರೀತಿಯನ್ನು. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜ ಇರಬಹುದು. ಆದರೆ ಮಹದೇವಪುರದ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಬೇರೊಂದು ಕಾರಣ ಕಾಣುತ್ತದೆ. ಈ ಸೀಮೆಯಲ್ಲಿ ಬಟ್ಟೆ ಒಗೆಯುವ ಉಪಕರಣ ಬದಲಾದ ಕಾಲದಲ್ಲೇ ಒಗೆಯುವ ನೀರೂ ಬದಲಾಯಿತು. ಮೆದು ನೀರು ಕೈತಪ್ಪಿದ ಹೊತ್ತಿಗೆ ಸರಿಯಾಗಿ ಮೆದು ನೀರು ಕೇಳುವ ಮಷಿನ್ ಮನೆಯೊಳಗೆ ಬಂತು.

ಇದು ಬೆಂಗಳೂರಿನವರ ಗೋಳು, ನಮಗೇಕೆ ಎಂದುಕೊಳ್ಳಬೇಡಿ. ನಿಮ್ಮೂರಿನ ಹುಡುಗ ಹುಡುಗಿಯರು ಅಲ್ಲಿನ ಪಿಜಿಗಳಲ್ಲಿದ್ದಾರೆ. ಅಲ್ಲಿ ಕಂಡ ಮಷಿನ್ ಅನ್ನು ಹಬ್ಬಕ್ಕೆ ಬರುವಾಗ ಊರಿಗೂ ತರುತ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಎಷ್ಟೋ ಹಳ್ಳಿಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರೇ. ಮಹದೇವಪುರದಲ್ಲಿ ಮೂವತ್ತು ವರ್ಷ ನಡೆದದ್ದು ಈಗ ಹಳ್ಳಿ ಮನೆಗಳಲ್ಲಿ ಶುರುವಾಗಿದೆ.

ಕೆರೆ ನೀರಿನ ಕಾಲ

ಇವತ್ತು ಗಾಜಿನ ಕಟ್ಟಡಗಳಿರುವ ಈ ಸೀಮೆ ಮೊದಲು ಕೆರೆಗಳ ಸಾಲು. ದೊಡ್ಡನೆಕ್ಕುಂದಿ, ಹೂಡಿ, ವಿಭೂತಿಪುರ, ಕಗ್ಗದಾಸಪುರ, ಮಹದೇವಪುರ, ಬೆಳ್ಳಂದೂರು, ವರ್ತೂರು ಹೀಗೆ ಊರಿಗೊಂದು ಕೆರೆ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ರಾಜಕಾಲುವೆಯಲ್ಲಿ ಇನ್ನೊಂದಕ್ಕೆ ಹರಿಯುತ್ತಿತ್ತು. ಬೆಳ್ಳಂದೂರಿನ ಕೋಡಿ ನೀರು ವರ್ತೂರಿಗೆ, ವರ್ತೂರಿನದು ಮುಂದೆ ದಕ್ಷಿಣ ಪಿನಾಕಿನಿಗೆ. ನೀರಾವರಿ, ದನಕರು, ಬಟ್ಟೆ ಎಲ್ಲದಕ್ಕೂ ಅದೇ ನೀರು. ಕುಡಿಯಲು ಬಾವಿ.

ಕೆರೆ ನೀರು ಎಂದರೆ ಮಳೆ ನೀರು. ಆಕಾಶದಿಂದ ಬೀಳುವ ನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲ ಎನ್ನಬಹುದು. ನೆಲದ ಮೇಲೆ ಹರಿದು ಕೆರೆ ಸೇರುವಾಗ ಮಣ್ಣು ಕಲಸಿಕೊಂಡು ಕೆಂಪಾಗಬಹುದು, ಆದರೆ ಬಂಡೆಯೊಳಗೆ ವರ್ಷಗಟ್ಟಲೆ ನಿಂತ ನೀರಿನಷ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಅದಕ್ಕೆ ಸೇರುವುದಿಲ್ಲ. ಇಂಥ ನೀರಿಗೆ ಶಾಲೆಯ ಪುಸ್ತಕದಲ್ಲಿ ಮೆದು ನೀರು ಎನ್ನುತ್ತಾರೆ. ಸುಣ್ಣ, ಮೆಗ್ನೀಷಿಯಂ ಹೆಚ್ಚಿದ್ದರೆ ಗಡಸು ನೀರು. ನಮ್ಮ ಹಳ್ಳಿಗಳಲ್ಲಿ ಅದನ್ನೇ ಉಪ್ಪು ನೀರು ಎನ್ನುವ ರೂಢಿ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಊರಿನ ಬಟ್ಟೆ ಒಗೆಯುವವರು ಅಗಸರು, ಅಂದರೆ ಮಡಿವಾಳ ಸಮುದಾಯದವರು. ಊರಿನ ಆಯಗಾರರಲ್ಲಿ ಅವರೂ ಒಬ್ಬರು. ಸುಗ್ಗಿಯಲ್ಲಿ ಕಣದಲ್ಲಿ ಸಿಗುವ ಧಾನ್ಯವೇ ಕೂಲಿ. ಕೊಳೆ ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಪಾತ್ರೆಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದು ಎಂದು ಹೆಸರು. ಚೌಳು ಮಣ್ಣಿನ ಕ್ಷಾರ ಜಿಡ್ಡನ್ನು ಬಿಡಿಸುತ್ತಿತ್ತು, ಹಬೆ ಕೊಳೆಯನ್ನು ಸಡಿಲ ಮಾಡುತ್ತಿತ್ತು. ಆಮೇಲೆ ಕೆರೆಯ ಕಲ್ಲಿನ ಮೇಲೆ ಕುಕ್ಕಿ, ನೀರಿನಲ್ಲಿ ಜಾಲಿಸಿ, ದಂಡೆಯ ಹುಲ್ಲಿನ ಮೇಲೆ ಹರವುತ್ತಿದ್ದರು. ಸೀರೆ, ರೇಷ್ಮೆಗೆ ಅಂಟವಾಳ ಕಾಯಿ.

ಮಷಿನ್ ಮಾಡುವ ಕೆಲಸವನ್ನೇ ಇಲ್ಲಿ ಬೇರೆ ರೀತಿ ಮಾಡುತ್ತಿದ್ದರು. ಕ್ಷಾರ, ಬಿಸಿ, ಪೆಟ್ಟು, ಸಾಕಷ್ಟು ಮೆದು ನೀರು. ಈ ನಾಲ್ಕು ಸೇರಿದರೆ ಬಟ್ಟೆ ಬೆಳ್ಳಗಾಗುತ್ತದೆ. ಒಂದು ಕಡಿಮೆಯಾದರೆ ಉಳಿದವುಗಳ ಮೇಲೆ ಹೊರೆ ಬೀಳುತ್ತದೆ.

ಹಾಗೆಂದು ಆ ಕಾಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ಚಳಿಯಲ್ಲೂ ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ಊರಿನ ಮೈಲಿಗೆಯನ್ನೆಲ್ಲ ತೊಳೆದವರನ್ನೇ ಊರು ದೂರ ಇಟ್ಟಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಶರಣರ ಸಾಲಿನಲ್ಲಿ ಮುಂದೆ ನಿಂತ. ಆದರೂ ಹಳ್ಳಿಯ ಅಗಸರ ಮನೆಗೆ ಅದರಿಂದ ಬಂದ ಬದಲಾವಣೆ ಬಹಳ ಕಡಿಮೆ. ಜಾತಿಗೆ ಕಟ್ಟಿಹಾಕಿದ ಈ ದುಡಿಮೆಯಿಂದ ಅವರ ಮಕ್ಕಳು ಹೊರಬಂದದ್ದು ಒಳ್ಳೆಯದೇ. ಆಮೇಲೆ ಆ ಕೆಲಸ ಪ್ರತಿ ಮನೆಯ ಹೆಂಗಸಿನ ಕೈಗೆ ಬಂತು. ಅದನ್ನು ತಗ್ಗಿಸುತ್ತೇನೆ ಎಂದು ಬಂದದ್ದು ಮಷಿನ್.

ಪುಡಿ ಬಂತು, ಮಷಿನ್ ಬಂತು

ಮಷಿನ್‌ಗಿಂತ ಮೊದಲು ಬಂದದ್ದು ಪುಡಿ. ಭಾರತದಲ್ಲಿ ಸರ್ಫ್ 1959ರಲ್ಲಿ ಮಾರುಕಟ್ಟೆಗೆ ಬಂತು. ಅದು ಸ್ಥಿತಿವಂತರ ಮನೆಯ ವಸ್ತು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಪುಡಿ ಮಾಡಿ ಕಡಿಮೆ ಬೆಲೆಗೆ ಮಾರತೊಡಗಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪುಡಿಯ ಪೊಟ್ಟಣ ಹಳ್ಳಿಯ ಪೆಟ್ಟಿಗೆ ಅಂಗಡಿಗೂ ತಲುಪಿತು. ಬಾರ್ ಸೋಪಿಗೆ ಗಡಸು ನೀರು ಕಂಡರಾಗದು. ನೀರಿನ ಸುಣ್ಣದ ಜೊತೆ ಸೇರಿ ಅದು ಜಿಗುಟಾದ ಬಿಳಿ ಗಷ್ಟಾಗುತ್ತದೆ. ಪುಡಿ ಇದನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ಏಕೆಂದರೆ ಅದರಲ್ಲಿ ವಾಷಿಂಗ್ ಸೋಡಾ, ಫಾಸ್ಫೇಟ್, ಜಿಯೋಲೈಟ್‌ನಂಥ ವಸ್ತುಗಳಿದ್ದು ಅವು ನೀರಿನ ಸುಣ್ಣವನ್ನು ಹಿಡಿದಿಡುತ್ತವೆ. ಸುಣ್ಣ ಹೆಚ್ಚಿದ್ದಷ್ಟೂ ಪುಡಿಯ ಶಕ್ತಿ ಅದಕ್ಕೇ ಖರ್ಚಾಗಿ, ಕೊಳೆ ತೆಗೆಯಲು ಉಳಿಯುವುದು ಕಡಿಮೆ.

ಮಷಿನ್ ಹುಟ್ಟಿದ್ದು ಬೇರೆ ನೀರಿನ ನಾಡಿನಲ್ಲಿ. ತಾನೇ ನೀರು ತುಂಬಿಕೊಂಡು, ಒಗೆದು, ಜಾಲಿಸಿ, ಹಿಂಡುವ ಮನೆಬಳಕೆಯ ಮಷಿನ್ ಅನ್ನು ಅಮೆರಿಕದ ಬೆಂಡಿಕ್ಸ್ ಕಂಪನಿ 1937ರಲ್ಲಿ ಜನರ ಮುಂದೆ ಇಟ್ಟಿತು. ನಲ್ಲಿ ತಿರುಗಿಸಿದರೆ ಒತ್ತಡದಿಂದ ನೀರು ನುಗ್ಗುವ, ಕರೆಂಟು ಹೋಗದ ಪಟ್ಟಣದ ಮನೆಗಳು ಅದರ ಲೆಕ್ಕದಲ್ಲಿದ್ದವು. ಅಲ್ಲೂ ನೀರು ಗಡಸಾದ ಊರುಗಳಿದ್ದವು, ಅಲ್ಲಿನವರು ನೀರು ಮೆದು ಮಾಡುವ ಉಪಕರಣವನ್ನೂ ಮನೆಗೆ ಹಾಕಿಸಿಕೊಂಡರು. ನಮ್ಮಲ್ಲಿ 1980ರ ದಶಕದ ಕೊನೆ, 1990ರ ದಶಕದ ಆರಂಭದಲ್ಲಿ ದೂರದರ್ಶನದ ಜಾಹೀರಾತಿನ ಜೊತೆ ಮಷಿನ್ ಬಂದಾಗ ಮಷಿನ್ ಒಂದೇ ಬಂತು. ಅದರ ಹಿಂದಿರಬೇಕಾದ ನಲ್ಲಿ, ಒತ್ತಡ, ಮೆದು ನೀರು ಬರಲಿಲ್ಲ.

ಇಲ್ಲಿ ಮೊದಲು ನಿಂತದ್ದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮಷಿನ್. ಅದಕ್ಕೆ ಕಾರಣ ಬೆಲೆ ಒಂದೇ ಅಲ್ಲ. ಅದಕ್ಕೆ ನಲ್ಲಿಯ ಒತ್ತಡ ಬೇಡ, ಕೊಡದಲ್ಲಿ ನೀರು ಸುರಿಯಬಹುದು. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕೆಲಸದ ಬಟ್ಟೆ ಎಂದು ಒಂದೇ ಸೋಪು ನೀರಿನಲ್ಲಿ ಮೂರು ಸಲ ಒಗೆಯಬಹುದು. ಕರೆಂಟು ಹೋದರೆ ಕೈಯಲ್ಲೇ ತೆಗೆದು ಹಿಂಡಬಹುದು. ನೀರಿನ ಕಷ್ಟ ಗೊತ್ತಿರುವ ಹೆಂಗಸರು ಈ ಮಷಿನ್ ಅನ್ನೇ ಆರಿಸಿಕೊಂಡದ್ದರಲ್ಲಿ ಬುದ್ಧಿವಂತಿಕೆ ಇತ್ತು.

ಮಹದೇವಪುರಕ್ಕೆ ನೀರಿಗಿಂತ ಮೊದಲು ಜನ

ಈ ಭಾಗದಲ್ಲಿ ಹೊಸ ಊರು ಕಟ್ಟುವ ಆಸೆ ಹಳೆಯದು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಡಿ.ಎಸ್. ವೈಟ್ ಅವರ ಹೆಸರಿನಿಂದಲೇ ವೈಟ್‌ಫೀಲ್ಡ್ ಆಯಿತು. ಆಮೇಲೆ ನೂರು ವರ್ಷ ಅದು ತೋಟದ ಮನೆಗಳ ಸಣ್ಣ ಊರಾಗಿಯೇ ಉಳಿಯಿತು. ಮಹದೇವಪುರದಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಎಸ್ಟೇಟ್ ಬಂತು, ವೈಟ್‌ಫೀಲ್ಡ್ ರಸ್ತೆಯಲ್ಲಿ ಕಾರ್ಖಾನೆಗಳು ಬಂದವು. 1990ರ ದಶಕದ ಕೊನೆಗೆ ಐಟಿಪಿಎಲ್ ತೆರೆಯಿತು. ಅಲ್ಲಿಂದ ಮುಂದಿನದು ನಮ್ಮ ತಲೆಮಾರು ಕಣ್ಣಾರೆ ನೋಡಿದ್ದು. ರಾಗಿ ಹೊಲ ಲೇಔಟ್ ಆಯಿತು, ಲೇಔಟ್ ಅಪಾರ್ಟ್‌ಮೆಂಟ್ ಆಯಿತು, ಹಳೆಯ ಹಟ್ಟಿ ಮನೆಯ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಎದ್ದಿತು.

ಇದೇ ಕಾಲದ ನೀರಿನ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರು ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಮುಂದೆ 1980, 1990ರ ದಶಕಗಳಲ್ಲಿ ಎರಡನೇ, ಮೂರನೇ ಹಂತ. ಅವೆಲ್ಲ ನಗರದ ಒಳಗಿನವರಿಗೆ. ಮಹದೇವಪುರ ಆಗ ಹೊರಗಿನ ಊರು, ಆಮೇಲೆ ನಗರಸಭೆ. 2000ದ ದಶಕದಲ್ಲಿ ಹೊರವಲಯದ ನಗರಸಭೆಗಳಿಗೆ ಪೈಪ್ ಹಾಕುವ ಯೋಜನೆ ಬಂದಾಗ ಮನೆಯವರಿಂದಲೇ ವಂತಿಗೆ ಕಟ್ಟಿಸಿಕೊಂಡರು. ಪೈಪ್ ಬಂದ ಎಷ್ಟೋ ಕಡೆ ನೀರಿಗಾಗಿ ಕಾಯಬೇಕಾಯಿತು. ನಾಲ್ಕನೇ ಹಂತದ ಎರಡನೇ ಘಟ್ಟ 2012ರಲ್ಲಿ ಮುಗಿಯಿತು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಮಹದೇವಪುರ ಭಾಗದ ಅನೇಕ ಹಳ್ಳಿಗಳು ಆ 110ರಲ್ಲಿದ್ದವು. ಕಂದಾಯ ನಗರದ್ದಾಯಿತು, ನೀರು ಮಾತ್ರ ಹಳ್ಳಿಯದೇ ಉಳಿಯಿತು, ಅದೂ ಕೆರೆಯ ನೀರಲ್ಲ. ಕೆರೆಗೆ ಅಷ್ಟರಲ್ಲಿ ಕೊಳಚೆ ಸೇರಿತ್ತು. ಉಳಿದದ್ದು ಬೋರ್‌ವೆಲ್. ಇನ್ನೂರು, ಮುನ್ನೂರು ಅಡಿಗೆ ಸಿಗುತ್ತಿದ್ದ ನೀರು ಇಳಿದು ಇಳಿದು ಸಾವಿರ ಅಡಿ ದಾಟಿತು. ಬೋರ್ ಬತ್ತಿದವರಿಗೆ ಟ್ಯಾಂಕರ್. ಟ್ಯಾಂಕರಿನವರು ತುಂಬಿಸಿಕೊಂಡು ಬರುವುದೂ ಇನ್ನೊಬ್ಬರ ಬೋರ್‌ವೆಲ್ಲಿನಿಂದಲೇ. ಒಂದೇ ಮನೆಯಲ್ಲಿ ಕುಡಿಯಲು ಇಪ್ಪತ್ತು ಲೀಟರಿನ ಕ್ಯಾನ್, ಒಗೆಯಲು ಬೋರ್ ನೀರು, ಅದು ಸಾಲದಿದ್ದರೆ ಟ್ಯಾಂಕರ್. ಹಳೆಯ ಕಾಲದಂತೆ ಒಗೆಯುವುದಕ್ಕೆ ಬೇರೆ ನೀರು, ಕುಡಿಯುವುದಕ್ಕೆ ಬೇರೆ ನೀರು. ಆದರೆ ಆಗ ಒಗೆಯುವ ನೀರು ಮೆದುವಾಗಿತ್ತು, ಈಗ ಗಡಸಾಗಿದೆ.

ಸುಣ್ಣದ ಲೆಕ್ಕ

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಎರಡು ಗೆರೆಗಳಿವೆ. ಒಂದು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 600ರವರೆಗೂ ಆಗಬಹುದು. ಈ ಗೆರೆಗಳನ್ನು ಎಳೆದದ್ದು ಕುಡಿಯುವವರನ್ನು ಲೆಕ್ಕಕ್ಕಿಟ್ಟುಕೊಂಡು. 500 ಇರುವ ನೀರು ಕುಡಿಯಲು ಆಗಬಹುದಾದರೂ ಮಷಿನ್‌ಗೆ ಬಹಳ ಕೆಟ್ಟದ್ದು.

ಲೆಕ್ಕ ಹಾಕೋಣ. 500 ಮಿಲಿಗ್ರಾಂ ಎಂದರೆ ಲೀಟರಿಗೆ ಅರ್ಧ ಗ್ರಾಂ. ಒಂದು ಸಲದ ಒಗೆತಕ್ಕೆ 60 ಲೀಟರ್ ಎಂದಿಟ್ಟುಕೊಂಡರೆ 30 ಗ್ರಾಂ. ತಿಂಗಳಿಗೆ 20 ಸಲ ಒಗೆದರೆ 600 ಗ್ರಾಂ. ವರ್ಷಕ್ಕೆ ಏಳು ಕಿಲೋ ಮೀರಿದ ಸುಣ್ಣದ ಅಂಶ ಆ ಮಷಿನ್ ಒಳಗೆ ಹಾದುಹೋಗುತ್ತದೆ. ಬಹುಪಾಲು ಕೊಳೆ ನೀರಿನ ಜೊತೆ ಹೊರಗೆ ಹೋಗುತ್ತದೆ, ನಿಜ. ಅದರಲ್ಲಿ ಒಂದು ಪಾಲು ಒಳಗೆ ಕೂತರೂ ಸಾಕು.

ಎಲ್ಲಿ ಕೂರುತ್ತದೆ? ಮೊದಲು ಹೀಟರ್ ಮೇಲೆ. ನೀರು ಬಿಸಿಯಾದ ಕಡೆಯೇ ಸುಣ್ಣ ಬೇಗ ಗಟ್ಟಿಯಾಗುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ನೀವು ಕಂಡಂತೆಯೇ. ಸುಣ್ಣದ ಪದರ ಹೊದ್ದ ಹೀಟರಿನ ಬಿಸಿ ನೀರಿಗೆ ಸರಿಯಾಗಿ ದಾಟದೆ, ಒಳಗೇ ಕಾದು ಕೊನೆಗೆ ಸುಟ್ಟುಹೋಗುತ್ತದೆ. ಎರಡನೆಯದು ನೀರು ಒಳಗೆ ಬರುವ ಕಡೆ ಇರುವ ಪುಟ್ಟ ಜಾಲರಿ. ಬೋರ್ ಮತ್ತು ಟ್ಯಾಂಕರ್ ನೀರಿನ ಮರಳು, ಸುಣ್ಣದ ಚೂರು ಅಲ್ಲಿ ಕಟ್ಟಿಕೊಂಡು ನೀರು ನಿಧಾನವಾಗುತ್ತದೆ. ಮೂರನೆಯದು ಡ್ರಮ್ಮಿನ ಹಿಂಬದಿ. ಮುಂದೆ ಬಾಗಿಲಿರುವ ಮಷಿನ್‌ಗಳಲ್ಲಿ ಡ್ರಮ್ಮನ್ನು ಹಿಡಿದಿರುವ ಮೂರು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಇರುತ್ತದೆ. ಸೋಪಿನ ಗಷ್ಟು, ಸುಣ್ಣ ಮೆತ್ತಿಕೊಂಡು ಅದು ಒಳಗೊಳಗೇ ತಿಂದುಹೋಗುತ್ತದೆ. ಒಂದು ದಿನ ಹಿಂಡುವಾಗ ಮಷಿನ್ ಮನೆಯನ್ನೇ ಅಲ್ಲಾಡಿಸುವಂತೆ ಕುಣಿಯತೊಡಗಿದಾಗ ಗೊತ್ತಾಗುತ್ತದೆ.

ನಾಲ್ಕನೆಯದು ಬಟ್ಟೆ. ಟವೆಲ್ ಬಿರುಸಾಗುವುದು, ಬಿಳಿ ಮಾಸಲಾಗುವುದು ಇದರಿಂದಲೇ. ಬಟ್ಟೆ ಬೆಳ್ಳಗಾಗಲಿಲ್ಲ ಎಂದು ಜನ ಇನ್ನೊಂದು ಚಮಚ ಪುಡಿ ಹಾಕುತ್ತಾರೆ. ಕೈಯಲ್ಲಿ ಒಗೆಯುವ ಪುಡಿಯಾದರೆ ನೊರೆ ಉಕ್ಕಿ ಮಷಿನ್ ನಿಲ್ಲುತ್ತದೆ. ಉಕ್ಕದಿದ್ದರೂ ಜಾಲಿಸಲು ಇಟ್ಟ ನೀರು ಸಾಲದೆ ಪುಡಿ ಬಟ್ಟೆಯಲ್ಲೇ ಉಳಿದು ಮೈ ತುರಿಸುತ್ತದೆ.

ಮಹಡಿ ಮೇಲಿನ ಸಿಂಟೆಕ್ಸ್

ನೀರಿನ ಗುಣದ ಜೊತೆಗೆ ಒತ್ತಡದ ಕಾಟವೂ ಇದೆ. ನಲ್ಲಿಯಿಂದ ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಫುಲ್ ಆಟೋಮ್ಯಾಟಿಕ್ ಮಷಿನ್‌ಗಳು ಸಾಮಾನ್ಯವಾಗಿ ಕಡಿಮೆಯೆಂದರೆ 0.3 ಬಾರ್ ಆದರೂ ಕೇಳುತ್ತವೆ. ಅಂದರೆ ಟ್ಯಾಂಕಿನ ತಳ ಮಷಿನ್ ನಲ್ಲಿಗಿಂತ ಹತ್ತು ಅಡಿ ಮೇಲಿರಬೇಕು. ಮೂರು ಮಹಡಿಯ ಬಾಡಿಗೆ ಮನೆಯಲ್ಲಿ ನೆಲಮಹಡಿಯವರಿಗೆ ಈ ಒತ್ತಡ ಸಿಗುತ್ತದೆ. ಮೇಲಿನ ಮಹಡಿಯವರ ತಲೆಯ ಮೇಲೆಯೇ ಟ್ಯಾಂಕ್ ಇರುವುದರಿಂದ ಆ ಹತ್ತು ಅಡಿ ಸಿಗುವುದು ಕಷ್ಟ. ಒಂದೇ ಕಂಪನಿಯ ಒಂದೇ ಮಷಿನ್ ಕೆಳಗಿನ ಮನೆಯಲ್ಲಿ ಓಡುತ್ತದೆ, ಮೇಲಿನ ಮನೆಯಲ್ಲಿ ಬೀಪ್ ಎನ್ನುತ್ತದೆ.

ಪಿಜಿಗಳದ್ದು ಇನ್ನೊಂದು ಪಾಡು. ಐವತ್ತು ಅರವತ್ತು ಮಂದಿಗೆ ಒಂದೋ ಎರಡೋ ಮಷಿನ್. ಮನೆಬಳಕೆಗೆಂದು ಮಾಡಿದ ಮಷಿನ್ ಬೆಳಗಿನಿಂದ ರಾತ್ರಿವರೆಗೆ ಬೋರ್ ನೀರಿನಲ್ಲಿ ಓಡಿದರೆ ಅದರ ಆಯಸ್ಸು ಎಷ್ಟಿದ್ದೀತು? ಕೆಟ್ಟ ಮಷಿನ್ ಮೇಲೆ ಬಕೆಟ್ ಜೋಡಿಸಿಟ್ಟ ಪಿಜಿಗಳನ್ನು ನಿಮ್ಮ ಮಕ್ಕಳೇ ತೋರಿಸುತ್ತಾರೆ.

ಒಗೆದ ನೀರು ಎಲ್ಲಿಗೆ ಹೋಯಿತು

ಗಡಸು ನೀರಿಗೆ ಹೆಚ್ಚು ಪುಡಿ ಎಂದೆವಲ್ಲ, ಆ ಪುಡಿ ಬಟ್ಟೆಯಿಂದ ಹೊರಟು ಚರಂಡಿ ಸೇರುತ್ತದೆ. ಚರಂಡಿ ರಾಜಕಾಲುವೆಯನ್ನು, ರಾಜಕಾಲುವೆ ಕೆರೆಯನ್ನು. ಹಿಂದೆ ಬಟ್ಟೆಗೆ ನೀರು ಕೊಟ್ಟ ಕೆರೆಗೆ ಈಗ ಬಟ್ಟೆಯ ಕೊಳೆ ನೀರು ವಾಪಸು ಹೋಗತೊಡಗಿತು.

2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ ಚಿತ್ರ ದೇಶವೆಲ್ಲ ನೋಡಿತು. 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಆ ಕೆರೆಯಲ್ಲಿ ಮತ್ತೆ ಬೆಂಕಿ. ಗಾಳಿ ಬೀಸಿದರೆ ನೊರೆ ಹಾರಿ ವರ್ತೂರು ಕೋಡಿಯ ಕಡೆ ಬೈಕ್ ಸವಾರರ ಮೈಮೇಲೆ ಬೀಳುತ್ತಿತ್ತು. ನೊರೆಗೆ ಕಾರಣಗಳಲ್ಲಿ ಡಿಟರ್ಜೆಂಟ್ ಮತ್ತು ಅದರಿಂದ ಬರುವ ಫಾಸ್ಫೇಟ್ ಮುಖ್ಯವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಹೇಳುತ್ತಲೇ ಬಂದರು. ಶುದ್ಧ ಮಾಡದೆ ಕೆರೆಗೆ ಬಿಟ್ಟ ಕೊಳಚೆಯೇ ಮೂಲ ರೋಗ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು.

ಕೋಲಾರದ ಓದುಗರಿಗೆ ಇದರ ಮುಂದಿನ ಭಾಗ ಗೊತ್ತೇ ಇದೆ. ಕೋರಮಂಗಲ ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್‌ನಲ್ಲಿ ಶುರುವಾಯಿತು. ನೀರು ಮೊದಲು ಮುಟ್ಟಿದ್ದು ಲಕ್ಷ್ಮೀಸಾಗರ ಕೆರೆಯನ್ನು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಗಿ ನೀರು ಕೆಲಕಾಲ ನಿಂತಿತು. ಈಗ ಆ ನೀರಿನಿಂದ ಕೆರೆಗಳು ತುಂಬಿವೆ, ಕೆಲವು ಕಡೆ ಬೋರ್‌ವೆಲ್ ಮರುಜೀವ ಪಡೆದಿವೆ, ಅದರ ಗುಣದ ಬಗ್ಗೆ ತಕರಾರೂ ಮುಗಿದಿಲ್ಲ. ಬೆಂಗಳೂರಿನ ಮನೆಗಳಲ್ಲಿ ಹಾಕಿದ ಒಂದು ಚಮಚ ಹೆಚ್ಚಿನ ಪುಡಿ ಕೋಲಾರದವರ ಪ್ರಶ್ನೆಯೂ ಆಗಿರುವುದು ಹೀಗೆ.

2024ರ ಬೇಸಿಗೆ

2023ರ ಮುಂಗಾರು ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಮಾಡಿತು. ಹೆಚ್ಚು ಪೆಟ್ಟು ಬಿದ್ದ ಭಾಗಗಳಲ್ಲಿ ಮಹದೇವಪುರ ಒಂದು. ಮಷಿನ್ ಇದ್ದವರೂ ಆ ಬೇಸಿಗೆ ಬಟ್ಟೆಯ ರಾಶಿ ಹಾಕಿಕೊಂಡು ಕೂತರು.

ಆ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳಿಗೆಂದೇ. ನಗರಕ್ಕೆ ಸೇರಿ 17 ವರ್ಷದ ಮೇಲೆ ಆ ಹಳ್ಳಿಗಳಿಗೆ ನದಿಯ ನೀರು ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಈ ನೀರು ಬೋರ್ ನೀರಿಗಿಂತ ಮೆದು. ಆದರೆ ಎಷ್ಟೋ ಕಟ್ಟಡಗಳಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬಿದ್ದು ಬೆರೆಯುತ್ತವೆ. ಕಾವೇರಿ ಬಂತು, ಬಟ್ಟೆ ಯಾಕೆ ಬೆಳ್ಳಗಾಗಲಿಲ್ಲ ಎಂದು ಕೇಳುವವರು ಮೊದಲು ಸಂಪನ್ನು ನೋಡಬೇಕು.

ಹಳ್ಳಿಯಲ್ಲಿ ಕೊಳ್ಳುವ ಮೊದಲು

2019ರಿಂದ ಜಲಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ, ಹಳ್ಳಿ ಮನೆಗಳಿಗೆ ನಲ್ಲಿ ತಂದಿದೆ. ನಲ್ಲಿ ಬಂದ ಮನೆಗೆ ಮಷಿನ್ ಬರುವುದು ಸಹಜ, ಬರಲೂಬೇಕು. ಮಹದೇವಪುರದ ಚರಿತ್ರೆಯಿಂದ ಕಲಿಯಬಹುದಾದ್ದು ಇಷ್ಟು.

ನೀರು ಪರೀಕ್ಷಿಸಿ. ಪಾರದರ್ಶಕ ಬಾಟಲಿಗೆ ಅರ್ಧ ನೀರು ಹಾಕಿ, ಮೈಸೋಪಿನ ಸಣ್ಣ ಚೂರು ಸೇರಿಸಿ ಚೆನ್ನಾಗಿ ಕುಲುಕಿ. ಮೇಲೆ ದಟ್ಟ ನೊರೆ, ಕೆಳಗೆ ತಿಳಿ ನೀರು ಇದ್ದರೆ ಮೆದು. ನೊರೆ ಇಲ್ಲದೆ ನೀರು ಹಾಲಿನಂತಾದರೆ ಗಡಸು. ಸರಿಯಾದ ಅಂಕಿ ಬೇಕಿದ್ದರೆ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಬಗ್ಗೆ ವಿಚಾರಿಸಿ, ಅದರಲ್ಲಿ ಗಡಸುತನವನ್ನೂ ನೋಡಬಹುದು.

ಟ್ಯಾಂಕಿನ ಎತ್ತರ ಅಳೆಯಿರಿ. ಮಷಿನ್ ನಲ್ಲಿಯಿಂದ ಹತ್ತು ಅಡಿ ಸಿಗದಿದ್ದರೆ, ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತಿದ್ದರೆ ಸೆಮಿ ಆಟೋಮ್ಯಾಟಿಕ್ಕೇ ನಿಮ್ಮ ಮನೆಗೆ ವಾಸಿ. ಅಂಗಡಿಯವರು ದುಬಾರಿಯದನ್ನು ತೋರಿಸುತ್ತಾರೆ, ನಿಮ್ಮ ನಲ್ಲಿ ಅವರು ನೋಡಿಲ್ಲ.

ಮಳೆ ನೀರು ಹಿಡಿಯಿರಿ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಇದನ್ನು 2009ರಲ್ಲೇ ಕಡ್ಡಾಯ ಮಾಡಿದರು. ಹತ್ತು ಚದರದ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಒಂದಷ್ಟು ಸೋರಿಹೋದರೂ ಹತ್ತು ಹನ್ನೆರಡು ಸಲ ಒಗೆಯಬಹುದು. ಮಷಿನ್‌ಗೆ ಇದಕ್ಕಿಂತ ಒಳ್ಳೆಯ ನೀರು ಯಾವ ಊರಿನಲ್ಲೂ ಸಿಗುವುದಿಲ್ಲ.

ಗಡಸು ನೀರೇ ಗತಿಯಾದರೆ ನಲ್ಲಿಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಎರಡು ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ನಿಂಬೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಓಡಿಸಿದರೆ ಸುಣ್ಣ ಕರಗುತ್ತದೆ. ಅದರ ಜೊತೆ ಬ್ಲೀಚಿಂಗ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ನೀರು ಮೆದು ಮಾಡುವ ಉಪಕರಣ ಮಾರಲು ಬಂದವರಿಗೆ, ಹಾಕುವ ಮೊದಲು ಮತ್ತು ಹಾಕಿದ ಮೇಲೆ ನೀರಿನ ಪರೀಕ್ಷೆ ಮಾಡಿ ತೋರಿಸಿ ಎನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಮಷಿನ್ ಕೆಟ್ಟರೆ ಬಿಲ್, ವಾರಂಟಿ ಕಾರ್ಡ್, ರಿಪೇರಿಗೆ ಬಂದವರ ಚೀಟಿ ಮೂರನ್ನೂ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕ ಇಲ್ಲ. ನೀರು ಗಡಸು ಎಂಬ ಒಂದೇ ಮಾತಿನಲ್ಲಿ ಕಂಪನಿ ಜಾರಿಕೊಳ್ಳಲು ನೋಡಿದರೆ, ಈ ಊರಿನ ನೀರು ಹೀಗಿದೆ ಎಂದು ಗೊತ್ತಿದ್ದೂ ಮಾರುವಾಗ ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ.

ಮಹದೇವಪುರದವರು ಕೆರೆ ಕಳೆದುಕೊಂಡ ಮೇಲೆ ಬೋರ್‌ಗೆ, ಬೋರ್ ಬತ್ತಿದ ಮೇಲೆ ಟ್ಯಾಂಕರಿಗೆ, ಕೊನೆಗೆ ನೂರು ಕಿಲೋಮೀಟರ್ ಆಚೆಯ ನದಿಗೆ ಕೈಚಾಚಿದರು. ನಮ್ಮ ಬಹುಪಾಲು ಹಳ್ಳಿಗಳಿಗೆ ಅಂಥ ನದಿಯ ಪೈಪ್ ಬರುವುದು ದೂರದ ಮಾತು. ಆದರೆ ಅನೇಕ ಹಳ್ಳಿಗಳಲ್ಲಿ ಕೆರೆ ಇನ್ನೂ ಕೆರೆಯಾಗಿ ಉಳಿದಿದೆ. ಮುಂದಿನ ಗ್ರಾಮಸಭೆಯಲ್ಲಿ ಕೆರೆಯ ಹೂಳು, ಕಾಲುವೆಯ ಒತ್ತುವರಿ, ಚರಂಡಿ ನೀರು ಕೆರೆಗೆ ಸೇರುವುದರ ಮಾತು ಬಂದಾಗ, ಅದು ಗಂಡಸರ ನೀರಾವರಿ ವಿಚಾರ ಎಂದು ಹೆಂಗಸರು ಸುಮ್ಮನೆ ಕೂರಬೇಕಿಲ್ಲ. ಮನೆಯ ಮಷಿನ್ ಎಷ್ಟು ವರ್ಷ ಓಡುತ್ತದೆ ಎಂಬುದೂ ಆ ಸಭೆಯಲ್ಲೇ ತೀರ್ಮಾನವಾಗುತ್ತದೆ.